ಬ್ರಹ್ಮಾ ಕೋಳಿ: ಮೊದಲು ಜುಟ್ಟು ನೋಡಿ

ಬೆಳಗಾವಿ ಕಡೆ ಜವಾರಿ ಕೋಳಿಗಳ ಜೊತೆಗೆ ಒಂದು ಜೋಡಿ ಬ್ರಹ್ಮಾ ತರಬೇಕೆನ್ನುವವರಿಗೆ ಮೊದಲ ಮಾತು: ಕಾಲಿನ ಪುಕ್ಕಕ್ಕೆ ಮರುಳಾಗಬೇಡಿ. ಪುಕ್ಕದ ಕಾಲು ಕೊಚಿನ್ ಎಂಬ ಇನ್ನೊಂದು ತಳಿಗೂ ಇರುತ್ತದೆ. ಬ್ರಹ್ಮಾದ ಜುಟ್ಟು ಗಿಡ್ಡ, ತಲೆಗೆ ಅಂಟಿದಂತಿರುತ್ತದೆ. ಬಟಾಣಿ ಪೋಣಿಸಿದಂಥ ಮೂರು ಸಾಲು, ನಡುವಿನದು ತುಸು ಎತ್ತರ. ಗರಗಸದಂಥ ಒಂಟಿ ಜುಟ್ಟು ಎದ್ದು ನಿಂತಿದ್ದರೆ ಅದು ಬೆರಕೆ. ಪ್ರದರ್ಶನದಲ್ಲಿ ಅಂಥದ್ದನ್ನು ಅಂಕಕ್ಕೇ ಹಿಡಿಯುವುದಿಲ್ಲ.

ಹೆಸರು ಬ್ರಹ್ಮಪುತ್ರಾ ನದಿಯದು, ತಳಿ ರೂಪುಗೊಂಡದ್ದು ಮಾತ್ರ ಅಮೆರಿಕದಲ್ಲಿ. 1840ರ ದಶಕದಲ್ಲಿ ಶಾಂಘೈ ಬಂದರಿನಿಂದ ಹಡಗು ಹತ್ತಿದ ಪುಕ್ಕಗಾಲಿನ ದೊಡ್ಡ ಕೋಳಿಗಳೇ ಇದರ ಬುಡ. ಅವಕ್ಕೆ ಬಂಗಾಳದ ಚಿತ್ತಗಾಂಗ್ ಕಡೆಯ ಬೂದು ಕೋಳಿ ಬೆರೆಸಿದರೆಂದು ತಳಿ ಬಲ್ಲವರು ಹೇಳುತ್ತಾರೆ. ಬಟಾಣಿ ಜುಟ್ಟು, ಕಣ್ಣಿನ ಮೇಲೆ ಚಾಚಿದ ಹುಬ್ಬು ಆ ಕಡೆಯ ಗುರುತು. 1852ರಲ್ಲಿ ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್ 9 ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕಳಿಸಿದ. ಆತ ಅವನ್ನು ಬೂದು ಶಾಂಘೈ ಎಂದೇ ಕರೆದಿದ್ದ! ರಾಣಿಯ ಅಂಗಳ ಸೇರಿದ ಮೇಲೆ ದರ ಏರಿತು. 1874ರ ಅಮೆರಿಕದ ತಳಿ ಮಾನದಂಡದಲ್ಲಿ ಲೈಟ್ (ಬಿಳಿ ಮೈ, ಕೊರಳು-ಬಾಲದಲ್ಲಿ ಕಪ್ಪು), ಡಾರ್ಕ್ ಎರಡೂ ಬಣ್ಣ ಸೇರಿದವು. ಬಫ್, ಅಂದರೆ ಹೊಂಬಣ್ಣದ್ದು, ಸೇರಿದ್ದು 1924ರಲ್ಲಿ.

ಡಾರ್ಕ್ ಬಣ್ಣ ಕಷ್ಟದ್ದು. ಹುಂಜದ ಎದೆ ಅಪ್ಪಟ ಕಪ್ಪಿರಬೇಕು, ಹೇಂಟೆಯ ಒಂದೊಂದು ಪುಕ್ಕದ ಮೇಲೂ ಪೆನ್ಸಿಲ್ಲಿನಲ್ಲಿ ಎಳೆದಂಥ ಗೆರೆ ಬೇಕು. ಒಂದೇ ಜೋಡಿಯಿಂದ ಎರಡೂ ಚೊಕ್ಕಾಗಿ ಬರುವುದು ಅಪರೂಪ. ಅದಕ್ಕೇ ಹಳಬರು ಹುಂಜದ ಮರಿಗೊಂದು, ಹೇಂಟೆಯ ಮರಿಗೊಂದು ಬೇರೆ ಬೇರೆ ಜೋಡಿ ಕಟ್ಟುತ್ತಿದ್ದರು. ಹೊಸಬರು ಲೈಟ್‌ನಿಂದ ಶುರು ಮಾಡುವುದೇ ಲೇಸು.

ಹುಂಜ 5.5 ಕಿಲೊ, ಹೇಂಟೆ 4.3 ಕಿಲೊ ತೂಗಬೇಕು. ಇಷ್ಟು ಭಾರದ ಹಕ್ಕಿ ಎತ್ತರದಿಂದ ಜಿಗಿದರೆ ಅಂಗಾಲು ಒಡೆದು ಬಾವು ಬರುತ್ತದೆ; ಕೂರುವ ಕೋಲು ನೆಲದಿಂದ ಒಂದು ಅಡಿ ಸಾಕು. ವಿಜಯಪುರದ ಬೇಸಿಗೆಯಲ್ಲಿ ನೆರಳು, ತಣ್ಣೀರು ತಪ್ಪಬಾರದು. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಕಾಲಿನ ಪುಕ್ಕಕ್ಕೆ ಹಿಕ್ಕೆ ಮೆತ್ತಿ, ಗಟ್ಟಿಯಾಗಿ, ಪುಕ್ಕವೇ ಮುರಿಯುತ್ತದೆ. ನೆಲಕ್ಕೆ ಭತ್ತದ ಹೊಟ್ಟು 3 ಇಂಚು ಹಾಸಿ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ಅವತ್ತೇ ಬದಲಿಸಿ.

ಇನ್ನೊಂದು ಕಾಟ ಕಾಲಿನ ಹುರುಪೆಯೊಳಗೆ ಸೇರುವ ನುಸಿ. ಪುಕ್ಕ ಮುಚ್ಚಿರುವುದರಿಂದ ಹುರುಪೆ ಎದ್ದು ಕಾಲು ದಪ್ಪವಾಗುವ ತನಕ ಕಾಣುವುದೇ ಇಲ್ಲ. ವಾರಕ್ಕೊಮ್ಮೆ ಪುಕ್ಕ ಸರಿಸಿ ನೋಡಿ. ಕಂಡರೆ ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ಕಾಲು ನೆನೆಸಿ, ಒರೆಸಿ, ವ್ಯಾಸಲೀನ್ ದಪ್ಪಗೆ ಸವರಿ. ಹುರುಪೆ ಕೀಳಬೇಡಿ, ರಕ್ತ ಬರುತ್ತದೆ. ಹೊಸ ಹುರುಪೆ ನುಣ್ಣಗೆ ಕೂರುವವರೆಗೆ ವಾರವಾರ ಹೀಗೆ ಮಾಡಬೇಕು. ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ.