ಸ್ಟುಟ್‌ಗಾರ್ಟ್‌ಗೆ ಬೆಂಜ್ ನೋಡಲು ಹೋಗುವವರಿಗೆ: ಮ್ಯೂಸಿಯಂ ಒಂದೇ ನೋಡಿ ಬರಬೇಡಿ

ಜಗತ್ತಿನ ಮೊದಲ ಕಾರನ್ನು ನೋಡಬೇಕು ಅಂತ ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್-ಬೆಂಜ್ ಮ್ಯೂಸಿಯಂಗೆ ಹೋಗುವವರು ಬಹಳ. ಅಲ್ಲಿರುವ ಮೂರು ಚಕ್ರದ ಗಾಡಿ ಮೂಲದ್ದಲ್ಲ, ಅದರ ಪ್ರತಿಕೃತಿ. ಕಾರ್ಲ್ ಬೆಂಜ್‌ನ ಮೂಲ ಗಾಡಿ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಸೇರಿ ನೂರು ವರ್ಷ ದಾಟಿದೆ. ಮುಂದೆ ಬೆಂಜ್ ಕಂಪನಿಯ ಜೊತೆ ಒಂದಾದ ಕಂಪನಿಯ ಸ್ಥಾಪಕ ಗಾಟ್ಲೀಬ್ ಡೈಮ್ಲರ್‌ನ ಮರದ ಮೋಟಾರು ಬೈಕಿನ ಕತೆಯೂ ಇದೇ. ಮೂಲದ್ದು 1903ರಲ್ಲಿ ಕಾನ್‌ಸ್ಟಾಟ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಹಾಗಂತ ಮ್ಯೂಸಿಯಂ ಬಿಡಬೇಡಿ. ಆದರೆ ಈ ಕಂಪನಿ ಹುಟ್ಟಿದ ಜಾಗಗಳು ಅದರ ಹೊರಗಿವೆ. ಅವಕ್ಕೆ ಟಿಕೆಟ್ ಕಡಿಮೆ ಅಥವಾ ಇಲ್ಲವೇ ಇಲ್ಲ, ಜನವೂ ಇರುವುದಿಲ್ಲ. ಅಲ್ಲಿ ಎಡವಟ್ಟಾಗುವುದು ವಾರ ತಪ್ಪಿ ಹೋದಾಗ ಮಾತ್ರ.

ಆದ್ದರಿಂದ ಮೊದಲು ವಾರದ ಲೆಕ್ಕ. ಮರ್ಸಿಡಿಸ್ ಮ್ಯೂಸಿಯಂಗೆ ಸೋಮವಾರ ರಜೆ. ಅದೇ ಊರಿನ ಝುಫನ್‌ಹೌಸನ್‌ನಲ್ಲಿರುವ ಪೋರ್ಷೆ ಮ್ಯೂಸಿಯಂಗೂ ಸೋಮವಾರವೇ ರಜೆ. ಅಂದರೆ ಸೋಮವಾರ ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಹುಚ್ಚಿರುವವರಿಗೆ ಕೆಲಸವಿಲ್ಲ. ಬೆಂಜ್‌ನ ಕೊನೆಗಾಲದ ಊರಾದ ಲಾಡೆನ್‌ಬರ್ಗ್‌ನ ಕಾರು ಮ್ಯೂಸಿಯಂ ತೆರೆದಿರುವುದು ಬುಧವಾರ, ಶನಿವಾರ, ಭಾನುವಾರ ಮಾತ್ರ, ಅದೂ ಮಧ್ಯಾಹ್ನ 2ರಿಂದ 6ರವರೆಗೆ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ, ಸಣ್ಣ ಊರುಗಳ ಬಸ್ಸು ಗಂಟೆಗೊಂದು ಬಂದರೆ ಪುಣ್ಯ. ಇದನ್ನೆಲ್ಲ ಕೂಡಿ ಕಳೆದರೆ ಉಳಿಯುವ ದಾರಿ ಒಂದೇ: ಮಂಗಳವಾರ ಸ್ಟುಟ್‌ಗಾರ್ಟ್, ಬುಧವಾರ ಬೆಳಿಗ್ಗೆ ಬೆಂಜ್‌ನ ಹೆಂಡತಿ ಕಾರಿಗೆ ಇಂಧನ ಕೊಂಡ ವೀಸ್‌ಲೋಖ್, ಮಧ್ಯಾಹ್ನ ಲಾಡೆನ್‌ಬರ್ಗ್. ಹೊರಡುವ ಮುನ್ನ ಆಯಾ ಜಾಗದ ಸ್ವಂತ ವೆಬ್‌ಸೈಟ್‌ನಲ್ಲಿ ವೇಳೆ ಒಮ್ಮೆ ನೋಡಿಕೊಳ್ಳಿ. ಹಬ್ಬದ ರಜೆಗಳಲ್ಲಿ ಬದಲಾಗುತ್ತದೆ.

ಮರ್ಸಿಡಿಸ್ ಮ್ಯೂಸಿಯಂಗೆ ಎಸ್-1 ಲೋಕಲ್ ರೈಲು ಹಿಡಿದು ನೆಕ್ಕರ್‌ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು. ಹೇಳಲು ಸುಲಭ. ಆದರೆ ಸ್ಟುಟ್‌ಗಾರ್ಟ್ ಮುಖ್ಯ ಸ್ಟೇಷನ್ ಅನ್ನು ನೆಲದಡಿಗೆ ಇಳಿಸುವ ಕಾಮಗಾರಿ 2010ರಿಂದ ನಡೆಯುತ್ತಲೇ ಇದೆ. ದೂರದ ರೈಲಿನಿಂದ ಇಳಿದು ಲೋಕಲ್ ಪ್ಲಾಟ್‌ಫಾರ್ಮ್ ಸೇರಲು ಸುತ್ತುಬಳಸಿ ನಡೆಯಬೇಕು, ದೊಡ್ಡ ಸೂಟ್‌ಕೇಸ್ ಇದ್ದರೆ ಕಾಲು ಗಂಟೆ ಇಟ್ಟುಕೊಳ್ಳಿ. ಇದಕ್ಕಿಂತ ಕಿರಿಕಿರಿ ಬದಲಿ ಬಸ್ಸಿನದು. ಬೇಸಿಗೆ ರಜೆಯಲ್ಲಿ, ಕೆಲವು ಸಲ ವಾರಾಂತ್ಯದಲ್ಲಿ, ಲೋಕಲ್ ಮಾರ್ಗದ ಒಂದು ತುಂಡನ್ನೇ ಮುಚ್ಚಿ ರೈಲಿನ ಬದಲು ಬಸ್ ಬಿಡುತ್ತಾರೆ. ಬಸ್ಸಿನ ಹಣೆಯ ಮೇಲೆ ‘ಎಸ್‌ಇವಿ’ ಅಂತ ಇರುತ್ತದೆ. ಅದು ನಿಲ್ಲುವುದು ಸ್ಟೇಷನ್ ಬಾಗಿಲಲ್ಲೇ ಅಂದುಕೊಳ್ಳಬೇಡಿ, ಒಂದೆರಡು ರಸ್ತೆ ಆಚೆಗೂ ಇರಬಹುದು. ಒಂದು ರೈಲಿನ ಜನವೆಲ್ಲ ಒಂದೆರಡು ಬಸ್ಸಿಗೆ ನುಗ್ಗುವುದರಿಂದ ಮಕ್ಕಳ ತಳ್ಳುಗಾಡಿ, ಸೈಕಲ್, ಸೂಟ್‌ಕೇಸ್ ಇರುವವರು ಕೆಳಗೇ ಉಳಿಯುತ್ತಾರೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹೋಗುತ್ತದೆ. ರೈಲಿನ ಟಿಕೆಟ್ಟೇ ಇದರಲ್ಲಿ ನಡೆಯುತ್ತದೆ, ಬೇರೆ ತೆಗೆದುಕೊಳ್ಳಬೇಕಿಲ್ಲ. ಹಿಂದಿನ ರಾತ್ರಿಯೇ ಜರ್ಮನ್ ರೈಲ್ವೆಯ ಡಿಬಿ ಆ್ಯಪ್‌ನಲ್ಲಿ ಮಾರ್ಗ ನೋಡಿದರೆ ಬಸ್ಸಿನ ಗುರುತು ಕಾಣುತ್ತದೆ. ಮ್ಯೂಸಿಯಂ ಸಂಜೆ 6ಕ್ಕೆ ಮುಚ್ಚಿದರೂ ಟಿಕೆಟ್ ಕೌಂಟರ್ 5ಕ್ಕೇ ಮುಚ್ಚುತ್ತದೆ. ಮಧ್ಯಾಹ್ನ ಹೊರಟು ಈ ಬಸ್ಸಿಗೆ ಸಿಕ್ಕಿಕೊಂಡವರು ಗಾಜಿನ ಹೊರಗಿನಿಂದ ನೋಡಿ ವಾಪಸ್.

2006ರಲ್ಲಿ ತೆರೆದ ಈ ಕಟ್ಟಡ ಎರಡು ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡ ಹಾಗಿದೆ. ಲಿಫ್ಟ್ ನಿಮ್ಮನ್ನು ತುದಿಗೆ ಬಿಡುತ್ತದೆ, ಅಲ್ಲಿಂದ ಇಳಿಜಾರಿನಲ್ಲಿ ನಡೆಯುತ್ತ ಕೆಳಗೆ ಬರಬೇಕು. ಒಂದು ಸುರುಳಿ ಕಾಲಾನುಕ್ರಮದ ಚರಿತ್ರೆಯದು, ಇನ್ನೊಂದು ಬಸ್, ಲಾರಿ, ಆಂಬ್ಯುಲೆನ್ಸ್, ಗಣ್ಯರ ಕಾರುಗಳ ಸಂಗ್ರಹದ್ದು. ಪ್ರತಿ ಮಹಡಿಯಲ್ಲೂ ಒಂದರಿಂದ ಇನ್ನೊಂದಕ್ಕೆ ದಾಟಬಹುದು. 160 ವಾಹನಗಳಿವೆ. ಬಹಳ ಜನ ಮಾಡುವ ತಪ್ಪು ಮೇಲಿನ ಎರಡು ಮಹಡಿಯಲ್ಲೇ ಎರಡು ಗಂಟೆ ಕಳೆಯುವುದು. ಕೆಳಗಿನ ರೇಸ್ ಕಾರುಗಳ ಹಾಲ್‌ಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ನಾಲ್ಕು ಗಂಟೆ ಇಟ್ಟುಕೊಳ್ಳಿ, ಬೆಳಿಗ್ಗೆ 9ಕ್ಕೇ ಒಳಗಿರಿ. ಹೊತ್ತೇರಿದ ಮೇಲೆ ಶಾಲಾ ಮಕ್ಕಳ ಗುಂಪು ಬಂದರೆ ಆಡಿಯೋ ಗೈಡ್ ಕೇಳಿಸುವುದೂ ಕಷ್ಟ. ಭಾನುವಾರವಂತೂ ಬೇಡವೇ ಬೇಡ.

ನಿಜವಾಗಿ ನಿಂತು ನೋಡಬೇಕಾದವು ಕೆಲವೇ. ಎರಡನೆಯ ಹಂತದಲ್ಲಿ 1902ರ ಮರ್ಸಿಡಿಸ್ ಸಿಂಪ್ಲೆಕ್ಸ್ 40 ಇದೆ. ಮರ್ಸಿಡಿಸ್ ಹೆಸರಿನಲ್ಲಿ ತಯಾರಾಗಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕಾರು ಅದು. ಆಸ್ಟ್ರಿಯಾದ ಉದ್ಯಮಿ ಎಮಿಲ್ ಯೆಲಿನೆಕ್ ಡೈಮ್ಲರ್ ಕಂಪನಿಯಿಂದ ಕಾರು ಕೊಂಡು ಫ್ರಾನ್ಸ್‌ನ ನೀಸ್ ಊರಿನ ಶ್ರೀಮಂತರಿಗೆ ಮಾರುತ್ತಿದ್ದ. ಎತ್ತರದ, ಮಗುಚಿಕೊಳ್ಳುವ ಗಾಡಿ ಬೇಡ, ಉದ್ದನೆಯ, ತಗ್ಗಿನ, ಜೋರಾಗಿ ಓಡುವ ಗಾಡಿ ಬೇಕು ಅಂತ ಪಟ್ಟು ಹಿಡಿದು ಡೈಮ್ಲರ್‌ನ ಜೊತೆಗಾರ ಎಂಜಿನಿಯರ್ ವಿಲ್‌ಹೆಲ್ಮ್ ಮೇಬಾಖ್‌ನಿಂದ 35 ಅಶ್ವಶಕ್ತಿಯ ಕಾರು ಮಾಡಿಸಿ, ಅದಕ್ಕೆ ಮಗಳು ಮರ್ಸಿಡಿಸ್‌ಳ ಹೆಸರಿಟ್ಟ. 1901ರಲ್ಲಿ ನೀಸ್‌ನ ರೇಸುಗಳಲ್ಲಿ ಅದು ಗೆದ್ದ ಮೇಲೆ ಕಾರು ಅಂದರೆ ಕುದುರೆಯಿಲ್ಲದ ಸಾರೋಟು ಅನ್ನುವ ಕಾಲ ಮುಗಿಯಿತು. ಸಿಂಪ್ಲೆಕ್ಸ್‌ನ ಮುಂದೆ ಬಗ್ಗಿ ರೇಡಿಯೇಟರ್ ನೋಡಿ. ಜೇನುಗೂಡಿನ ಹಾಗೆ ಒತ್ತೊತ್ತಾಗಿರುವ ಸಣ್ಣ ಕೊಳವೆಗಳ ಒಳಗೆ ಗಾಳಿ ನುಗ್ಗಿ, ಅವುಗಳ ನಡುವೆ ಹರಿಯುವ ನೀರನ್ನು ತಣಿಸುತ್ತದೆ. ಸ್ವಲ್ಪವೇ ನೀರಿನಲ್ಲಿ ದೊಡ್ಡ ಎಂಜಿನ್ನನ್ನು ತಣ್ಣಗಿಡಲು ಸಾಧ್ಯವಾಗಿದ್ದು ಇದರಿಂದಲೇ.

1926ರಲ್ಲಿ ಡೈಮ್ಲರ್ ಮತ್ತು ಬೆಂಜ್ ಕಂಪನಿಗಳು ಒಂದಾಗುವಾಗ ಡೈಮ್ಲರ್ ಸತ್ತು 26 ವರ್ಷವಾಗಿತ್ತು. ಇಬ್ಬರೂ ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿದವರು. ಮುಂದಿನ ಮಹಡಿಗಳಲ್ಲಿ 1936ರ ಡೀಸೆಲ್ ಕಾರು 260 ಡಿ ಇದೆ. ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಗಳನ್ನೂ ಹಿಡಿದು ತಂದ ಕೂಲಿಗಳನ್ನೂ ಕಂಪನಿ ದುಡಿಸಿಕೊಂಡದ್ದನ್ನೂ ಅಲ್ಲಿ ಮುಚ್ಚಿಟ್ಟಿಲ್ಲ. ಜನ ಬೇಗ ದಾಟಿಹೋಗುವ ಜಾಗ ಅದು, ನೀವು ದಾಟಬೇಡಿ. ಸುರಕ್ಷತೆಯ ಕೋಣೆಯೂ ಹಾಗೇ. ಡಿಕ್ಕಿಯಾದಾಗ ಮುಂಭಾಗ ಮತ್ತು ಹಿಂಭಾಗ ನುಜ್ಜಾಗಿ ಹೊಡೆತ ನುಂಗಲಿ, ನಡುವಿನ ಕ್ಯಾಬಿನ್ ಗಟ್ಟಿಯಾಗಿರಲಿ ಅನ್ನುವ, ಕಂಪನಿಯ ಎಂಜಿನಿಯರ್ ಬೇಲಾ ಬಾರೆನಿಯ ಉಪಾಯ 1959ರ ಕಾರಿನಲ್ಲಿ ಬಂತು, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ 1978ರಲ್ಲಿ. ಇವತ್ತು ಸಣ್ಣ ಕಾರುಗಳಲ್ಲೂ ಇರುವ ಈ ಎರಡರ ಮುಂದೆ ಬ್ರಿಟನ್ ರಾಜಕುಮಾರಿ ಡಯಾನಾಳ ಕೆಂಪು ಕಾರು ಎಸ್‌ಎಲ್ ನನಗೇನೂ ದೊಡ್ಡದಲ್ಲ. ಆದರೆ ಅಲ್ಲಿ ಸೆಲ್ಫಿಯ ಸಾಲು ಕರಗುವುದೇ ಇಲ್ಲ.

ಹಳೆಯ ಲಾರಿಗಳ ಕಡೆ ನಮ್ಮವರು ತಪ್ಪದೆ ಹೋಗಬೇಕು. 1954ರಲ್ಲಿ ಜಮ್‌ಶೇಡ್‌ಪುರದಲ್ಲಿ ಶುರುವಾದ ಟಾಟಾ-ಮರ್ಸಿಡಿಸ್ ಲಾರಿಗಳ ವಂಶ ಇದೇ. ಮೂತಿ ಮುಂದಕ್ಕೆ ಚಾಚಿದ ಲಾರಿ ಕಂಡ ಕೂಡಲೇ ಹಿರಿಯರಿಗೆ ಗುರುತು ಹತ್ತುತ್ತದೆ.

ಮ್ಯೂಸಿಯಂ ಒಳಗಿನ ಊಟ ದುಬಾರಿ. ಲೋಕಲ್‌ನಲ್ಲಿ ಒಂದೇ ಸ್ಟೇಷನ್ ಹಿಂದೆ ಬಾಡ್ ಕಾನ್‌ಸ್ಟಾಟ್. ಅಲ್ಲಿ ಸ್ಟೇಷನ್ ಆಸುಪಾಸಿನ ಬೀದಿಗಳಲ್ಲಿ ಟರ್ಕಿಯವರ ಸಣ್ಣ ಹೋಟೆಲುಗಳಿವೆ. 1961ರ ಒಪ್ಪಂದದ ನಂತರ ಕಾರ್ಖಾನೆಗಳಿಗೆ ದುಡಿಯಲು ಬಂದ ಟರ್ಕಿಯವರ ಮಕ್ಕಳು ಮೊಮ್ಮಕ್ಕಳ ಊರು ಇದು. ಗಾಜಿನ ಹಿಂದೆ ಸ್ಟೀಲ್ ಪಾತ್ರೆಗಳಲ್ಲಿ ಬಿಸಿ ಅಡುಗೆ ಇಟ್ಟಿರುವ ಹೋಟೆಲು ಹುಡುಕಿ, ಬರೀ ಕಬಾಬ್ ತಿರುಗುವ ಅಂಗಡಿಯನ್ನಲ್ಲ. ಮೆರ್ಜಿಮೆಕ್ ಕೇಳಿ: ಕೆಂಪು ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಬೆಣ್ಣೆಯಲ್ಲಿ ಬಾಡಿಸಿದ ಮೆಣಸಿನ ಪುಡಿ ಹಾಕಿ, ನಿಂಬೆ ಹೋಳಿನ ಜೊತೆ ಕೊಡುತ್ತಾರೆ. ನಮ್ಮ ತೊವ್ವೆಯ ದಾಯಾದಿ. ಜೊತೆಗೆ ಬರುವ ಬ್ರೆಡ್ಡಿಗೆ ಬಹಳ ಕಡೆ ಬೇರೆ ದುಡ್ಡಿಲ್ಲ. ಬಿಸಿಯಾದ, ಹೊಟ್ಟೆ ತುಂಬುವ, ಹುಳಿ ಖಾರ ಇರುವ ಊಟ ಈ ಬೆಲೆಗೆ ಈ ಊರಿನಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಚಳಿಗಾಲದಲ್ಲಂತೂ ಇದಕ್ಕಾಗಿಯೇ ಕಾನ್‌ಸ್ಟಾಟ್‌ನಲ್ಲಿ ಇಳಿಯಬಹುದು. ಕೆಲವು ಕಡೆ ಮಾಂಸದ ನೀರಿನಲ್ಲಿ ಬೇಯಿಸುತ್ತಾರೆ, ಸಸ್ಯಾಹಾರಿಗಳು ಮೊದಲೇ ‘ಓನೆ ಫ್ಲೈಶ್?’ ಅಂತ ಕೇಳಬೇಕು.

ಸ್ಥಳೀಯ ಸ್ವಾಬಿಯನ್ ಅಡುಗೆಯಲ್ಲಿ ಸಸ್ಯಾಹಾರಿಗಳು ಮೋಸ ಹೋಗುವುದು ಇನ್ನೂ ಹೆಚ್ಚು. ಮೌಲ್‌ಟಾಶನ್ ಕಡುಬಿನೊಳಗೆ ಸೊಪ್ಪು ಕಾಣುತ್ತದೆ, ಜೊತೆಗೆ ಮಾಂಸವೂ ಇರುತ್ತದೆ. ಆಲೂಗಡ್ಡೆ ಸಲಾಡನ್ನು ಮಾಂಸದ ಸಾರಿನಲ್ಲಿ ಕಲಸುವುದೇ ಇಲ್ಲಿನ ಪದ್ಧತಿ. ಚೀಸ್ ಹಾಕಿದ, ಶಾವಿಗೆಯಂಥ ಶ್ಪೆಟ್ಸ್‌ಲೆಯಲ್ಲಿ ಮಾಂಸವಿಲ್ಲ, ಆದರೆ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ಗಂಟು ಹಾಕಿದ ಆಕಾರದ ಬ್ರೆಟ್ಸೆಲ್ ಬ್ರೆಡ್ಡಿನ ಹಿಟ್ಟಿಗೂ ಹಂದಿ ಕೊಬ್ಬು ಸೇರಿಸುವ ಬೇಕರಿಗಳಿವೆ, ‘ಶ್ಮಾಲ್ಟ್ಸ್’ ಇದೆಯೇ ಅಂತ ಕೇಳಿ ಕೊಳ್ಳಿ.

ಊಟ ಮುಗಿಸಿ ಕಾನ್‌ಸ್ಟಾಟ್ ಸ್ಟೇಷನ್‌ನಿಂದ ಕುರ್‌ಪಾರ್ಕ್ ಉದ್ಯಾನದ ಕಡೆ ಹದಿನೈದಿಪ್ಪತ್ತು ನಿಮಿಷ ನಡೆದರೆ ಟೌಬೆನ್‌ಹೈಮ್ ರಸ್ತೆಯಲ್ಲಿ ಡೈಮ್ಲರ್‌ನ ತೋಟದ ಮನೆ. ಪ್ರವೇಶ ಉಚಿತ. 1882ರಲ್ಲಿ ಡೈಮ್ಲರ್ ಇಲ್ಲಿ ಮನೆ ಕೊಂಡು, ಗಿಡಗಳ ಗಾಜಿನ ಮನೆಯನ್ನೇ ವರ್ಕ್‌ಶಾಪ್ ಮಾಡಿಕೊಂಡು, ಮೇಬಾಖ್ ಜೊತೆ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಹಗಲು ರಾತ್ರಿ ಸುತ್ತಿಗೆ ಸದ್ದು ಕೇಳಿ ತೋಟದ ಮಾಲಿ, ಇವರು ಖೋಟಾ ನಾಣ್ಯ ಟಂಕಿಸುತ್ತಿದ್ದಾರೆ ಅಂತ ಪೊಲೀಸರಿಗೆ ಹೇಳಿದನಂತೆ. ಅವರು ಬಂದು ನೋಡಿದರೆ ಸಿಕ್ಕಿದ್ದು ಎಂಜಿನ್ ಮಾತ್ರ. ನೆಲದ ಮೇಲೆ ನಿಲ್ಲಿಸುವ ಎತ್ತರದ ಗಡಿಯಾರದ ಆಕಾರದ ಆ ಎಂಜಿನ್ನಿನ ದಹನ ವ್ಯವಸ್ಥೆಯನ್ನು ಗಮನಿಸಿ. ಕಿಡಿಯಿಲ್ಲ, ಬರ್ನರ್‌ನಿಂದ ಕೆಂಪಗೆ ಕಾಯಿಸಿದ ಕೊಳವೆಯೇ ಅನಿಲವನ್ನು ಹೊತ್ತಿಸುತ್ತದೆ. ಮ್ಯಾನ್‌ಹೈಮ್‌ನಲ್ಲಿ ಬೆಂಜ್ ವಿದ್ಯುತ್ ಕಿಡಿಯ ಹಿಂದೆ ಬಿದ್ದಿದ್ದ. ಡೈಮ್ಲರ್‌ನ ದಾರಿಯಲ್ಲಿ ಎಂಜಿನ್ ವೇಗ ಹೆಚ್ಚಿಸುವುದು ಸುಲಭ, ಬೆಂಕಿಯ ಭಯ ಮಾತ್ರ ಜಾಸ್ತಿ. 1885ರ ನವೆಂಬರ್‌ನಲ್ಲಿ ಅವನ ಮಗ ಇಲ್ಲಿಂದ ಉಂಟರ್‌ಟುರ್ಕ್‌ಹೈಮ್‌ವರೆಗೆ ಆ ಮರದ ಬೈಕ್ ಓಡಿಸಿದಾಗ ಸೀಟಿಗೇ ಬೆಂಕಿ ಹತ್ತಿತೆಂಬ ಕತೆಯಿದೆ. ಸೀಟಿನ ಕೆಳಗೇ ಎಂಜಿನ್ ಇರುವುದನ್ನು ನೋಡಿದರೆ ನಂಬಬಹುದು. ಅರ್ಧ ಗಂಟೆ ಸಾಕು. ಡೈಮ್ಲರ್ ಮತ್ತು ಮೇಬಾಖ್ ಇಬ್ಬರ ಸಮಾಧಿಯೂ ಕಾನ್‌ಸ್ಟಾಟ್‌ನ ಉಫ್-ಕಿರ್ಖ್‌ಹೋಫ್‌ನಲ್ಲಿದೆ.

ಬುಧವಾರದ ಪ್ರಯಾಣಕ್ಕೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ದಿನದ ಟಿಕೆಟ್ ಒಳ್ಳೆಯದು. ಐದು ಜನರವರೆಗೆ ಒಂದರಲ್ಲೇ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ, ಐಸಿಇಯಂಥ ವೇಗದ ರೈಲುಗಳಲ್ಲಿ ನಡೆಯುವುದೇ ಇಲ್ಲ. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಕೊಂಡರೆ ಅದು ಚಂದಾ ಅನ್ನುವುದು ನೆನಪಿರಲಿ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಕಾರ್ಡಿನಿಂದ ಹೋಗುತ್ತದೆ, ನೀವು ಬೆಂಗಳೂರಿಗೆ ವಾಪಸಾಗಿದ್ದರೂ.

ವೀಸ್‌ಲೋಖ್-ವಾಲ್‌ಡಾರ್ಫ್ ಸ್ಟೇಷನ್ ಎರಡು ಊರುಗಳ ನಡುವೆ ಇದೆ. ಒಂದು ದಿಕ್ಕಿಗೆ ಸ್ಯಾಪ್ ಸಾಫ್ಟ್‌ವೇರ್ ಕಂಪನಿಯ ವಾಲ್‌ಡಾರ್ಫ್ (ವೈಟ್‌ಫೀಲ್ಡ್‌ನಿಂದ ಬಂದವರಿಗೆ ಹೇಳಬೇಕಿಲ್ಲ), ಇನ್ನೊಂದು ದಿಕ್ಕಿಗೆ ವೀಸ್‌ಲೋಖ್ ಪೇಟೆ. ಬೆಳಿಗ್ಗೆ ಜನರ ಹಿಂದೆ ಹೋದರೆ ಆಫೀಸಿಗೇ ಸೇರುತ್ತೀರಿ. ಬಸ್ಸಿನ ಫಲಕ ಓದಿ ಹತ್ತಿ. ಪೇಟೆಯ ಮುಖ್ಯ ರಸ್ತೆಯಲ್ಲಿ ಹಳೆಯ ಔಷಧಿ ಅಂಗಡಿ, ಎದುರಿಗೆ ಒಂದು ಸ್ಮಾರಕ. 1888ರ ಆಗಸ್ಟ್‌ನಲ್ಲಿ ಕಾರ್ಲ್ ಬೆಂಜ್‌ನ ಹೆಂಡತಿ ಬರ್ಟಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಗಂಡು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ಮೇಲ್ಪಟ್ಟು ಕಾರು ಓಡಿಸಿದ್ದು, ನಡುವೆ ಇಲ್ಲಿ ಇಂಧನವಾಗಿ ಲಿಗ್ರೋಯಿನ್ ಕೊಂಡದ್ದು. ಆಗ ಅದು ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದ ದ್ರವ. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಮರದ ಬ್ರೇಕ್ ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಎಂಜಿನ್ ತಣಿಸುವ ನೀರು ಆವಿಯಾಗುತ್ತಲೇ ಇರುತ್ತಿದ್ದರಿಂದ ಸಿಕ್ಕಸಿಕ್ಕಲ್ಲಿ ನೀರು ತುಂಬಬೇಕಿತ್ತು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಆ ದೂರಿನಿಂದಲೇ ಬೆಂಜ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದ. ಬುಧವಾರ ಮಧ್ಯಾಹ್ನ ಬಾಗಿಲು ಹಾಕುವ ಔಷಧಿ ಅಂಗಡಿಗಳು ಜರ್ಮನಿಯಲ್ಲಿವೆ, ಹಾಗಾಗಿ ಇಲ್ಲಿಗೆ ಬೆಳಿಗ್ಗೆಯೇ ಬನ್ನಿ.

ಅಲ್ಲಿಂದ ಹೈಡೆಲ್‌ಬರ್ಗ್ ದಾಟಿ ಲಾಡೆನ್‌ಬರ್ಗ್. ಬೆಂಜ್ ಮಕ್ಕಳ ಜೊತೆ ನಡೆಸಿದ ಹಳೆಯ ಕಾರ್ಖಾನೆಯೇ ಈಗ ಮ್ಯೂಸಿಯಂ. ಸ್ಟುಟ್‌ಗಾರ್ಟ್‌ನ ಥಳಕಿಲ್ಲ. ಇಟ್ಟಿಗೆ ಗೋಡೆಯ ಹಾಲ್‌ನಲ್ಲಿ ಕಾರುಗಳು ಹತ್ತಿರ ಹತ್ತಿರ ನಿಂತಿವೆ, ಬಗ್ಗಿ ಹೊಟ್ಟೆಯಡಿ ನೋಡಬಹುದು. ಮ್ಯೂಸಿಯಂ ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಹಿರಿಯರು, ಕೇಳಿದರೆ ಕೂತು ವಿವರಿಸುತ್ತಾರೆ. ಒಂದೇ ಜಾಗಕ್ಕೆ ಸಮಯ ಇರುವವರು ಸ್ಟುಟ್‌ಗಾರ್ಟ್ ಬಿಟ್ಟು ಇಲ್ಲಿಗೆ ಬಂದರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜನಜಂಗುಳಿ ಇಷ್ಟಪಡುವವರು ಒಪ್ಪಲಿಕ್ಕಿಲ್ಲ.

ಬರ್ಟಾಳ ದಾರಿಯನ್ನು ಕಾರಿನಲ್ಲೇ ಓಡಿಸುವ ಆಸೆಯಿದ್ದರೆ ಹೋಗಿ ಬರಲು 194 ಕಿಲೋಮೀಟರ್, ದಾರಿಯುದ್ದಕ್ಕೂ ಫಲಕಗಳಿವೆ. ಬಾಡಿಗೆ ಕಾರಿನ ಪುಟದಲ್ಲಿ ಬೆಂಜ್ ಸಿ-ಕ್ಲಾಸ್ ಚಿತ್ರ ಇದ್ದರೂ ಕೆಳಗೆ ‘ಅಥವಾ ಅದೇ ದರ್ಜೆಯದು’ ಅಂತ ಸಣ್ಣಕ್ಷರ ಇರುತ್ತದೆ. ಕೈಗೆ ಬರುವುದು ಬೇರೆಯೇ ಕಂಪನಿಯ ಕಾರು. ಬೆಂಜ್ ದಾರಿಯಲ್ಲಿ ಬೆಂಜೇ ಬೇಕೆಂದರೆ ಮಾಡೆಲ್ ಖಾತ್ರಿ ಕೊಡುವ ಬುಕಿಂಗ್ ಮಾಡಿ. ಆಟೋಮ್ಯಾಟಿಕ್ ಬೇಕೆಂದು ಬೇರೆಯಾಗಿ ಹೇಳಿ. ಠೇವಣಿಗೆ ಡೆಬಿಟ್ ಕಾರ್ಡ್ ಒಪ್ಪದ ಕಡೆಯೇ ಹೆಚ್ಚು. ಹಳ್ಳಿಗಳಲ್ಲಿ 50, ಕೆಲವು ಕಡೆ 30ರ ಮಿತಿ ಇದ್ದು ಕ್ಯಾಮೆರಾ ಕಾದಿರುತ್ತದೆ. ದಂಡದ ಜೊತೆ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕವೂ ಬರುತ್ತದೆ.

ರೂಮಿನ ವಿಷಯ. ಮ್ಯೂಸಿಯಂ ಪಕ್ಕದಲ್ಲೇ ಫುಟ್‌ಬಾಲ್ ಸ್ಟೇಡಿಯಂ, ಅದರಾಚೆ ಜಾತ್ರೆ ನಡೆಯುವ ವಾಸನ್ ಬಯಲು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಅಲ್ಲಿ ಬಿಯರ್ ಜಾತ್ರೆ, ವಸಂತದಲ್ಲಿ ಇನ್ನೊಂದು. ಆ ದಿನಗಳಲ್ಲಿ ಕಾನ್‌ಸ್ಟಾಟ್‌ನ ಸಾಧಾರಣ ರೂಮಿಗೆ ಎರಡು ಮೂರು ಪಟ್ಟು ಕೇಳುತ್ತಾರೆ, ಮಧ್ಯರಾತ್ರಿಯವರೆಗೆ ಕುಡಿದವರ ಹಾಡು ಬೇರೆ. ವಿಮಾನ ನಿಲ್ದಾಣದ ಬಳಿ ವಸ್ತುಪ್ರದರ್ಶನ ಇರುವ ವಾರವೂ ಹೀಗೇ. ತಾರೀಖು ಬದಲಿಸಲು ಆಗದಿದ್ದರೆ ಲೋಕಲ್ ರೈಲು ಇರುವ ಎಸ್‌ಲಿಂಗನ್‌ನಲ್ಲಿ ನೋಡಿ. ಮ್ಯೂಸಿಯಂಗೆ ಅದೇ ಎಸ್-1 ನೇರವಾಗಿ ಹೋಗುತ್ತದೆ, ಮುಖ್ಯ ಸ್ಟೇಷನ್‌ನ ಅಗೆತದ ಗೊಡವೆಯೂ ಇಲ್ಲ.