ಮೊದಲ ಡಿಸ್ಕಸ್ ಟ್ಯಾಂಕ್: ಡಿಸೆಂಬರಿನಿಂದ ಮಾರ್ಚ್ ತನಕ

ಡಿಸೆಂಬರ್ 7

ಟ್ಯಾಂಕ್ ಇವತ್ತು ಮನೆಗೆ ಬಂತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ, 12 ಎಂಎಂ ಗಾಜು. ಮೆಟ್ಟಿಲು ಹತ್ತಿಸೋಕೆ ನಾಲ್ಕು ಜನ ಬೇಕಾಯ್ತು. ಅಂಚಿನ ತನಕ ತುಂಬಿದರೆ 340 ಲೀಟರ್ ಹಿಡಿಯುತ್ತೆ, ನಾನು 300ಕ್ಕೆ ನಿಲ್ಲಿಸ್ತೀನಿ. ಡಿಸ್ಕಸ್ ಅಂದರೆ ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿರುವ ಬಣ್ಣದ ಮೀನು. ದೊಡ್ಡ ಡಿಸ್ಕಸ್ ಒಂದಕ್ಕೆ 40 ಲೀಟರ್ ಆದರೂ ಬೇಕು ಅನ್ನೋದು ಸಾಕುವವರ ಲೆಕ್ಕ. ಇವು ಗುಂಪಲ್ಲಿರುವ ಮೀನು, ಐದಾರಕ್ಕಿಂತ ಕಮ್ಮಿ ಇಟ್ಟರೆ ಒಂದೇ ಬಲಿಷ್ಠ ಮೀನು ಉಳಿದವನ್ನು ಅಟ್ಟಾಡಿಸುತ್ತೆ. ಹಾಗಾಗಿ ಆರು ಮೀನು ಅಂತ ತೀರ್ಮಾನ ಮಾಡಿದ್ದೇನೆ.

ನೀರು, ಗಾಜು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಸೇರಿ 400 ಕೆಜಿ ಆಗುತ್ತೆ. ಅದಕ್ಕೇ ಕೆಳಗೆ ಬೀಮ್ ಹಾದುಹೋಗಿರುವ ಗೋಡೆಯ ಪಕ್ಕ ಇಟ್ಟೆವು. ಅಪ್ಪ ರಸಮಟ್ಟ ಇಟ್ಟು ನೋಡಿದರು, ಎಡಗಡೆ ಕೂದಲೆಳೆಯಷ್ಟು ತಗ್ಗಿತ್ತು. ಕಾಲಿನ ಕೆಳಗೆ ತಗಡು ಕೊಟ್ಟು ಸರಿ ಮಾಡಿ, ಮೇಲೆ ಥರ್ಮೋಕೋಲ್ ಹಾಸಿ ಟ್ಯಾಂಕ್ ಕೂರಿಸಿದ್ದಾಯ್ತು. ಮರಳು ಹಾಕಲ್ಲ. ಬರಿ ಗಾಜಿನ ತಳ ನೋಡೋಕೆ ಬೋಳು ಅನ್ನಿಸಬಹುದು, ಆದರೆ ಉಳಿದ ಊಟ, ಹಿಕ್ಕೆ ಎಲ್ಲ ಕಣ್ಣಿಗೆ ಕಾಣುತ್ತೆ, ಪೈಪಲ್ಲಿ ಎಳೆದು ತೆಗೆಯಬಹುದು. ಬೆಳೆಯುವ ಮರಿಗಳಿಗೆ ಅದೇ ಒಳ್ಳೆಯದು.

ಡಿಸೆಂಬರ್ 10

ಫಿಲ್ಟರ್ ಓಡ್ತಾ ಇದೆ. ಟ್ಯಾಂಕಿನ ಹೊರಗಿಡುವ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಒಂದು, ಅದರ ಜೊತೆ ಎರಡು ಸ್ಪಂಜ್ ಫಿಲ್ಟರ್. ಹೀಟರ್ 200 ವ್ಯಾಟಿನವು ಎರಡು. ದೊಡ್ಡದು ಒಂದೇ ಹಾಕಿದರೆ ಅದು ಆನ್ ಆಗಿಯೇ ಸಿಕ್ಕಿಕೊಂಡ ದಿನ ಮೀನು ಬೆಂದುಹೋಗುತ್ತೆ, ಕೆಟ್ಟುಹೋದ ದಿನ ತಣ್ಣಗಾಗುತ್ತೆ. ಡಿಸ್ಕಸ್ ಅಮೆಜಾನ್ ಕಡೆಯ ಮೀನು, 28ರಿಂದ 30 ಡಿಗ್ರಿ ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಇಲ್ಲದೆ ಆಗೋ ಮಾತಲ್ಲ.

ಈಗ ಮೀನಿಲ್ಲದೆ ಸೈಕಲ್ ಮಾಡಬೇಕು, ಅಂದರೆ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾವನ್ನು ಫಿಲ್ಟರಲ್ಲಿ ಬೆಳೆಸಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ಮೀನಿಗೆ ವಿಷ. ನೀರು ಬಿಸಿಯಾದಷ್ಟೂ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ಏರಿದಷ್ಟೂ ಅಮೋನಿಯಾ ಇನ್ನೂ ಜಾಸ್ತಿ ಕೆಟ್ಟದ್ದು. ಈ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲಿ ತನಕ ಅವುಗಳಿಗೂ ಊಟ ಹಾಕಬೇಕು. ನಾನು ಹಾಕಿದ್ದು ಅಮೋನಿಯಂ ಕ್ಲೋರೈಡ್. ಅಂದರೆ ಕಲಾಯಿ ಹಾಕುವವರು ಬಳಸುವ ನವಸಾಗರವೇ, ಆದರೆ ಲ್ಯಾಬಿಗೆ ಮಾರುವ ಶುದ್ಧವಾದದ್ದು. 300 ಲೀಟರಿಗೆ 2 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಬರುತ್ತೆ.

ಡಿಸೆಂಬರ್ 24

ಹದಿನಾಲ್ಕು ದಿನ ಖಾಲಿ ನೀರು ನೋಡಿದ್ದಾಯ್ತು. ಇವತ್ತು ನೈಟ್ರೈಟ್ ಟೆಸ್ಟ್ ಟ್ಯೂಬು ತಿಳಿನೀಲಿಯಿಂದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು! ಅಮ್ಮನನ್ನೂ ಕರೆದು ತೋರಿಸಿದೆ.

ಜನವರಿ 11

ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆ, ನೈಟ್ರೈಟ್ ಸೊನ್ನೆ. ಸೈಕಲ್ ಮುಗಿದಿದೆ. ಆದರೂ ಮೀನು ತರೋದನ್ನು ಒಂದು ವಾರ ಮುಂದೆ ಹಾಕಿದ್ದೇನೆ, ಕಾರಣ ನಲ್ಲಿ ನೀರು.

ಎರಡು ವಾರದಿಂದ ಅಡುಗೆಮನೆ ನಲ್ಲಿಯ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣಗಳ ಅಳತೆ, ಬರೆದಿಡ್ತಾ ಇದ್ದೆ. ಒಂದು ದಿನ 240, ಮರುದಿನ 390, ಇನ್ನೊಂದು ದಿನ 640. ಮೀಟರೇ ಕೆಟ್ಟಿದೆ ಅಂದುಕೊಂಡಿದ್ದೆ. ಮೀಟರ್ ಸರಿಯಾಗೇ ಇತ್ತು. ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ ಬೀಳುತ್ತೆ. ಸಾಲದೆ ಬಂದಾಗ ಅದೇ ಸಂಪಿಗೆ ಬೋರ್‌ವೆಲ್ ನೀರನ್ನೂ ಬಿಡ್ತೀವಿ. ಅಂದರೆ ನಲ್ಲಿಯಲ್ಲಿ ಬರೋದು ದಿನಕ್ಕೊಂದು ನೀರು! ಮನೆ ಮುಂದೆ, ಸಂಪಿಗೆ ಹೋಗುವ ಮುಂಚಿನ ನಲ್ಲಿಯಲ್ಲಿ ಹಿಡಿದು ನೋಡಿದೆ. ಕಾವೇರಿ ಬಂದ ದಿನವೆಲ್ಲ 200ರ ಆಸುಪಾಸು, ಪಿಎಚ್ ಏಳೂವರೆ.

ಡಿಸ್ಕಸ್ ಅಂದ ಕೂಡಲೇ ಎಲ್ಲರೂ ಪಿಎಚ್ 6 ಇರಬೇಕು, ಆರ್‌ಓ ನೀರೇ ಬೇಕು ಅಂತಾರೆ. ಕಾಡಲ್ಲಿ ಹಿಡಿದ ಮೀನಿಗೆ, ಮರಿ ಮಾಡಿಸೋರಿಗೆ ಅದು ನಿಜ. ಆದರೆ ಫಾರಂನಲ್ಲಿ ಹುಟ್ಟಿ ಬೆಳೆದ ಮರಿಗಳಿಗೆ ನೀರು ಇವತ್ತಿನ ಹಾಗೇ ನಾಳೆಯೂ ಇರೋದು ಮುಖ್ಯ ಅನ್ನೋದು ನನಗೆ ಈಗ ಗಟ್ಟಿಯಾಗಿದೆ. ಹಾಗಾಗಿ 200 ಲೀಟರಿನ ನೀಲಿ ಡ್ರಮ್ ತಂದೆ. ಮುಂದಿನ ನಲ್ಲಿಯಿಂದ ಕಾವೇರಿ ಹಿಡಿದು, ಕ್ಲೋರಿನ್ ಹೋಗೋಕೆ ಹೈಪೋ ಹರಳು ಹಾಕಿ, ಒಂದು ದಿನ ಗಾಳಿ ಆಡಿಸಿ, ಬಿಸಿ ಮಾಡಿ, ಆಮೇಲೆ ಟ್ಯಾಂಕಿಗೆ.

ರಸ್ತೆ ಕೊನೆಯಲ್ಲಿ ಕಾಡುಬಾದಾಮಿ ಮರ ಇದೆ. ಈ ತಿಂಗಳಲ್ಲಿ ಎಲೆ ಕೆಂಪಾಗಿ ಉದುರುತ್ತೆ. ಅಮ್ಮ ವಾಕಿಂಗಿಂದ ಬರುವಾಗ ಒಣಗಿದವನ್ನು ಆರಿಸಿ ತರ್ತಾರೆ. ತೊಳೆದು ನಾಲ್ಕು ಎಲೆ ಬಿಟ್ಟರೆ ನೀರು ತೆಳು ಟೀ ಡಿಕಾಕ್ಷನ್ ಬಣ್ಣಕ್ಕೆ ಬರುತ್ತೆ. ಪಿಎಚ್ ಅಷ್ಟೇನೂ ಇಳಿಯಲ್ಲ, ಆದರೂ ಆ ಬಣ್ಣ ನನಗಿಷ್ಟ.

ಜನವರಿ 18

ಬೆಳಗಿನ ರೈಲಿಗೆ ಚೆನ್ನೈಗೆ ಹೋಗಿ, ಪೆರಂಬೂರಲ್ಲಿ ಇಳಿದು ಕೊಳತ್ತೂರಿಗೆ ಆಟೊ ಹಿಡಿದೆ. ಬಣ್ಣದ ಮೀನು ಸಾಕೋದೇ ಅಲ್ಲಿ ಬೀದಿ ಬೀದಿಯ ಕಸುಬು. ಒಬ್ಬರ ಮನೆಯ ಟೆರೇಸಲ್ಲಿ ಮೂರು ಇಂಚಿನ ಮರಿಗಳನ್ನು ನೋಡಿದೆ. ಆರಿಸುವಾಗ ಮೊದಲು ನೋಡಬೇಕಾದ್ದು ಕಣ್ಣು. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿದ್ದರೆ ಅದು ಬೆಳವಣಿಗೆ ಕುಂಠಿತವಾದ ಮೀನು, ಎಷ್ಟು ಬಣ್ಣ ಇದ್ದರೂ ಬೇಡ. ಮೈ ದುಂಡಗಿರಬೇಕು, ಹಣೆ ಒಳಗೆ ಹೋಗಿರಬಾರದು. ಎದುರಿಗೇ ಊಟ ಹಾಕಿಸಿ, ಓಡಿ ಬಂದು ತಿಂದ ಆರನ್ನು ತಗೊಂಡೆ. ಎರಡು ರೆಡ್ ಟರ್ಕಾಯ್ಸ್, ಎರಡು ಬ್ಲೂ ಡೈಮಂಡ್, ಎರಡು ಪಿಜನ್ ಬ್ಲಡ್, ಎಲ್ಲ ಡಿಸ್ಕಸ್‌ನದೇ ಬೇರೆ ಬೇರೆ ಬಣ್ಣದ ತಳಿಗಳು. ಆಕ್ಸಿಜನ್ ತುಂಬಿದ ಕವರ್, ಥರ್ಮೋಕೋಲ್ ಡಬ್ಬ, ಮಡಿಲಲ್ಲಿಟ್ಟುಕೊಂಡು ರಾತ್ರಿ ವಾಪಸ್.

ಫೆಬ್ರವರಿ 8

ಮೂರು ವಾರ ಯಾವ ತೊಂದರೆಯೂ ಇಲ್ಲ. ದಿನಕ್ಕೆ ನಾಲ್ಕು ಸಲ ಊಟ: ಪೆಲೆಟ್, ಫ್ರೋಜನ್ ಬ್ಲಡ್‌ವರ್ಮ್ (ಸಣ್ಣ ಕೆಂಪು ಹುಳ), ಮನೆಯಲ್ಲೇ ಸೀಗಡಿ ಮತ್ತು ಪಾಲಕ್ ರುಬ್ಬಿ ಫ್ರೀಜರಿನಲ್ಲಿಟ್ಟ ತುಂಡು. ವಾರಕ್ಕೆ ಮೂರು ಸಲ ಅರ್ಧ ನೀರು ಬದಲು, ಅಂದರೆ 450 ಲೀಟರ್. ಇದು ಈ ಊರಲ್ಲಿ ಸಣ್ಣ ವಿಷಯ ಅಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆ ಅಲ್ವಾ? ಹಾಗಾಗಿ ತೆಗೆದ ನೀರೆಲ್ಲ ಬಕೆಟ್ಟಲ್ಲಿ ಟೆರೇಸಿನ ಕುಂಡಗಳಿಗೆ, ಬಾತ್‌ರೂಮಿಗೆ, ಅಂಗಳ ತೊಳೆಯೋಕೆ. ಅಷ್ಟು ಮಾಡೋಕಾಗದಿದ್ದರೆ ಇಲ್ಲಿ ಡಿಸ್ಕಸ್ ಸಾಕಬಾರದು ಅಂತಲೇ ನಾನು ಹೇಳ್ತೀನಿ.

ಫೆಬ್ರವರಿ 17

ತಪ್ಪು ಮಾಡಿದೆ. ನಮ್ಮ ಬೀದಿಗೆ ಐದು ದಿನ ಕಾವೇರಿ ಬರಲಿಲ್ಲ. ಡ್ರಮ್ ಖಾಲಿ, ತಳದಲ್ಲಿ ಹೊಲಸು ಕಾಣ್ತಾ ಇತ್ತು. ಮೊನ್ನೆ ಸಂಜೆ ತಡೆಯಲಾರದೆ ಸಂಪಿನ ನೀರನ್ನೇ ಹೈಪೋ ಹಾಕಿ, ಬಿಸಿ ಮಾಡಿ, ಅರ್ಧ ಟ್ಯಾಂಕ್ ಬದಲಿಸಿದೆ. ಅಷ್ಟೂ ಬೋರ್‌ವೆಲ್ ನೀರು. ಟ್ಯಾಂಕಿನ ಟಿಡಿಎಸ್ ಒಂದೇ ಗಂಟೆಯಲ್ಲಿ 220ರಿಂದ 440ಕ್ಕೆ ಹೋಯ್ತು. ರಾತ್ರಿ ಹತ್ತಕ್ಕೆ ನೋಡಿದರೆ ಬ್ಲೂ ಡೈಮಂಡ್ ಎರಡೂ ಕಾಡಿಗೆ ಬಳಿದ ಹಾಗೆ ಕಪ್ಪಾಗಿ ಹಿಂದಿನ ಮೂಲೆಯಲ್ಲಿ ನಿಂತಿದ್ದವು. ಟರ್ಕಾಯ್ಸ್‌ಗಳ ಮೈಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟಿಗಳು ಎದ್ದು ಕಾಣ್ತಿದ್ದವು. ಪಿಜನ್ ಬ್ಲಡ್‌ಗೆ ಆ ಪಟ್ಟಿಗಳೇ ಇರಲ್ಲ, ಹಾಗಾಗಿ ಅವುಗಳ ಕಷ್ಟ ಬಣ್ಣದಲ್ಲಿ ಕಾಣಲ್ಲ, ಉಸಿರಾಟ ಎಣಿಸಬೇಕು. ಜೋರಾಗಿಯೇ ಇತ್ತು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ.

ಗಾಬರಿಯಲ್ಲಿ ಮತ್ತೆ ಒಂದೇ ಸಲ ನೀರು ತಿರುಗಿಸಿದರೆ ಎರಡನೇ ಪೆಟ್ಟು. ಆರ್‌ಓ ಕ್ಯಾನ್ ತರಿಸಿ, ಗಂಟೆಗಳ ಅಂತರದಲ್ಲಿ ಇಪ್ಪತ್ತಿಪ್ಪತ್ತು ಲೀಟರ್ ಬದಲಿಸುತ್ತಾ ಬಂದೆ. ಅಪ್ಪ ರಾತ್ರಿ ಮೂರಕ್ಕೆ ಎದ್ದು ಒಂದು ಸರದಿ ಮಾಡಿದರು. ಇವತ್ತು ಐದು ಮೀನು ಮುಂದೆ ಬಂದಿವೆ. ಒಂದು ಟರ್ಕಾಯ್ಸ್ ಬಂದಿಲ್ಲ.

ಫೆಬ್ರವರಿ 24

ಆ ಟರ್ಕಾಯ್ಸ್ ತಿನ್ನುತ್ತಿಲ್ಲ, ಹಿಕ್ಕೆ ಬಿಳಿ ದಾರದ ಹಾಗೆ ನೇತಾಡ್ತಾ ಇದೆ. ಕರುಳಿನಲ್ಲಿ ಮೊದಲೇ ಇದ್ದ ಪರಾವಲಂಬಿಗಳು ಮೀನು ಸೊರಗಿದಾಗ ತಲೆ ಎತ್ತೋದು ಹೀಗೇ. 40 ಲೀಟರಿನ ಟಬ್ಬಿಗೆ ಹಾಕಿ, 32 ಡಿಗ್ರಿ ಮಾಡಿ, 250 ಎಂಜಿ ಮೆಟ್ರೊನಿಡಜೋಲ್ ಕರಗಿಸಿದೆ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಅದಕ್ಕೆ ಏರ್ ಪಂಪ್ ಜೋರು. ದಿನಾ ಅರ್ಧ ನೀರು ಬದಲು, ತೆಗೆದಷ್ಟು ನೀರಿಗೆ ಮತ್ತೆ ಔಷಧಿ.

ಮಾರ್ಚ್ 3

ಇವತ್ತು ಬೆಳಿಗ್ಗೆ ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೇ ಒಂದು ಬ್ಲಡ್‌ವರ್ಮ್ ಬಿಟ್ಟೆ. ಮೀನು ಓರೆಯಾಗಿ ನೋಡಿತು. ಬಾಯಿಗೆ ತಗೊಂಡು ಉಗುಳಿತು. ಒಂದು ವಾರದಿಂದ ಇಷ್ಟೇ ಆಗ್ತಿದ್ದದ್ದು. ಹುಳ ತಳಕ್ಕೆ ಇಳಿಯಿತು. ಮೀನು ತಲೆ ತಗ್ಗಿಸಿ, ಬಾಯಿಂದ ಪುಸಕ್ಕನೆ ನೀರು ಊದಿ ಹುಳವನ್ನು ಎಬ್ಬಿಸಿ, ಮತ್ತೆ ಎಳೆದುಕೊಂಡಿತು. ಕಿವಿರು ಎರಡು ಸಲ ಅಲ್ಲಾಡಿತು. ಈ ಸಲ ಹುಳ ಹೊರಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಮಾರ್ಚ್ 15

ಆರೂ ಒಂದೇ ಟ್ಯಾಂಕಲ್ಲಿವೆ. ಟರ್ಕಾಯ್ಸ್ ಇನ್ನೂ ಉಳಿದವಕ್ಕಿಂತ ಸಣ್ಣದು, ಆದರೆ ನೀಲಿ ಗೆರೆಗಳು ಕಿವಿರಿನ ಹತ್ತಿರ ಮತ್ತೆ ಹೊಳೆಯುತ್ತಿವೆ. ದೊಡ್ಡ ಪಿಜನ್ ಬ್ಲಡ್ ನಾಲ್ಕೂವರೆ ಇಂಚು ಆಗಿದೆ. ಸೆಖೆ ಶುರುವಾಗಿದೆ, ಹಗಲು ಹೀಟರ್ ಉರಿಯೋದೇ ಅಪರೂಪ. ಡ್ರಮ್ ಈಗ ಮೂರು, ಎರಡು ಯಾವಾಗಲೂ ತುಂಬಿಯೇ ಇರಬೇಕು ಅಂತ ಮಾಡಿಕೊಂಡಿದ್ದೇವೆ. ನಾಳೆ ಕಾವೇರಿ ಬರುವ ದಿನ, ಒಂದು ಖಾಲಿ ಇದೆ, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟಿದ್ದೇನೆ.