ಲಿಟಲ್ ಲೇಕ್ಸ್ ವ್ಯಾಲಿಯಲ್ಲಿ ಟೆಂಟ್ ಹಾಕುವ ಮುಂಚೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಕ್ಯಾಂಪಿಂಗ್ ಮಾಡಿಯೇ ಇರುತ್ತಾರೆ. ನಂಬರ್ ಹಾಕಿದ ಜಾಗ, ಪಕ್ಕದಲ್ಲೇ ಕಾರು, ಊಟಕ್ಕೊಂದು ಮರದ ಮೇಜು, ಸ್ವಲ್ಪ ದೂರದಲ್ಲಿ ಟಾಯ್ಲೆಟ್. ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟದ ಮೇಲಿನ ಕೆರೆಗಳ ಹತ್ತಿರ ಹೋಗಿ ಮಲಗುವುದು ಬೇರೆಯದೇ ವಿಷಯ. ಅಲ್ಲಿ ನಂಬರೂ ಇಲ್ಲ, ಮೇಜೂ ಇಲ್ಲ. ಎಲ್ಲಿ ಟೆಂಟ್ ಹಾಕಬೇಕು ಅಂತ ನೀವೇ ನೋಡಿ ಆರಿಸಬೇಕು. ಆ ಆಯ್ಕೆ ಸರಿಯಾದರೆ ಉಳಿದ ಅರ್ಧ ಕಷ್ಟ ತಾನಾಗಿಯೇ ತಪ್ಪುತ್ತದೆ. ಕಳೆದ ಆಗಸ್ಟ್ ಕೊನೆಯಲ್ಲಿ ನಾವು ಕೆಲವು ಗೆಳೆಯರು ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವ ಭಾಗದ ಲಿಟಲ್ ಲೇಕ್ಸ್ ವ್ಯಾಲಿಗೆ ಹೋಗಿದ್ದೆವು. ಮೊದಲ ಸಲ ಇಂಥ ಪ್ರವಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹೈವೇ 395ರಲ್ಲಿ ಬಿಷಪ್ ಮತ್ತು ಮ್ಯಾಮತ್ ಲೇಕ್ಸ್ ನಡುವೆ ಟಾಮ್ಸ್ ಪ್ಲೇಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿಂದ ರಾಕ್ ಕ್ರೀಕ್ ರಸ್ತೆ ಹಿಡಿದರೆ ಸುಮಾರು 10 ಮೈಲಿಗೆ ಮಸ್ಕಿಟೋ ಫ್ಲಾಟ್ ಸಿಗುತ್ತದೆ. ರಸ್ತೆ ಅಲ್ಲಿಗೆ ಮುಗಿಯಿತು. ಕಾರು ನಿಲ್ಲಿಸುವ ಜಾಗವೇ 10,000 ಅಡಿ ಮೀರಿದ ಎತ್ತರದಲ್ಲಿದೆ! ಅಂದರೆ ಏರುವ ಕೆಲಸವನ್ನೆಲ್ಲ ಕಾರೇ ಮಾಡಿ ಮುಗಿಸಿರುತ್ತದೆ. ಅಲ್ಲಿಂದ ಮುಂದೆ ಮ್ಯಾಕ್, ಮಾರ್ಶ್, ಹಾರ್ಟ್, ಬಾಕ್ಸ್, ಲಾಂಗ್, ಚಿಕನ್‌ಫುಟ್, ಜೆಮ್ ಅಂತ ಒಂದರ ಹಿಂದೆ ಒಂದು ಕೆರೆ. ಚಿಕನ್‌ಫುಟ್ ಲೇಕ್‌ಗೆ ಸುಮಾರು 3 ಮೈಲಿ, ಏರು ತೀರಾ ಕಡಿಮೆ. ಹಿಂದೆ ಮಾರ್ಗನ್ ಪಾಸ್ ಅನ್ನುವ ಘಟ್ಟ ದಾಟಿ ಗಣಿಗೆ ಹೋಗುತ್ತಿದ್ದ ಹಳೇ ರಸ್ತೆಯೇ ಈಗಿನ ಕಾಲುದಾರಿ, ಹಾಗಾಗಿ ಅಗಲವಾಗಿದೆ. ಕಣಿವೆಯ ಕೊನೆಯಲ್ಲಿ 13,700 ಅಡಿ ಮೀರಿದ ಬೇರ್ ಕ್ರೀಕ್ ಸ್ಪೈರ್ ಶಿಖರ ದಾರಿಯುದ್ದಕ್ಕೂ ಎದುರಿಗೇ ಇರುತ್ತದೆ. ಅರ್ಧ ಮೈಲಿಯಲ್ಲಿ ಬಲಕ್ಕೆ ಮೋನೋ ಪಾಸ್ ದಾರಿ ಒಡೆಯುತ್ತದೆ. ಅದು 12,000 ಅಡಿಗೆ ಏರುವ ದಾರಿ, ಮೊದಲ ಸಲಕ್ಕೆ ಬೇಡ.

ಪರ್ಮಿಟ್ ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನ್ಯಾಷನಲ್ ಫಾರೆಸ್ಟ್‌ನ ಸಾಮಾನ್ಯ ಜಾಗಗಳಲ್ಲಿ, ಬೋರ್ಡ್ ಹಾಕಿ ಬೇಡ ಅಂದಿಲ್ಲದ ಕಡೆ, ಮಣ್ಣಿನ ರಸ್ತೆ ಪಕ್ಕ ಕಾರು ನಿಲ್ಲಿಸಿ ದುಡ್ಡು ಕೊಡದೆ ಮಲಗಬಹುದು. ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನುವುದು ಅದಕ್ಕೇ. ಬಿಷಪ್ ಹತ್ತಿರದ ಬಟರ್‌ಮಿಲ್ಕ್ ಪ್ರದೇಶ ಇದಕ್ಕೆ ಹೆಸರುವಾಸಿ. ಆದರೆ ಲಿಟಲ್ ಲೇಕ್ಸ್ ಇರುವುದು ಜಾನ್ ಮ್ಯೂರ್ ವೈಲ್ಡರ್ನೆಸ್ ಅನ್ನುವ ಸಂರಕ್ಷಿತ ಕಾಡಿನೊಳಗೆ. ಇಲ್ಲೂ ಜಾಗ ನೀವೇ ಆರಿಸುವುದು, ಆದರೆ ರಾತ್ರಿ ಉಳಿಯಲು ಪರ್ಮಿಟ್ ಬೇಕೇ ಬೇಕು. ಮೇ 1ರಿಂದ ನವೆಂಬರ್ 1ರವರೆಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಶೇ. 60ರಷ್ಟನ್ನು ಆರು ತಿಂಗಳು ಮುಂಚೆ, ಉಳಿದ ಶೇ. 40ರಷ್ಟನ್ನು ಎರಡು ವಾರ ಮುಂಚೆ ರಿಕ್ರಿಯೇಷನ್ ಡಾಟ್ ಗವ್ ವೆಬ್‌ಸೈಟಿನಲ್ಲಿ ಬಿಡುತ್ತಾರೆ. ಎರಡು ವಾರದ್ದನ್ನು ನಂಬಿಕೊಂಡವರು ಬೆಳಗ್ಗೆ 7ಕ್ಕೆ ಸರಿಯಾಗಿ ಲಾಗಿನ್ ಆಗಿ ಕೂತಿರಬೇಕು. ಶುಕ್ರವಾರ, ಶನಿವಾರ ಬಿಟ್ಟು ವಾರದ ಮಧ್ಯೆ ನೋಡಿದರೆ ಸಿಗುವ ಸಾಧ್ಯತೆ ಜಾಸ್ತಿ.

ಸಮುದ್ರಮಟ್ಟದಿಂದ ಬೆಳಗ್ಗೆ ಹೊರಟು ಸಂಜೆಗೆ ಚಿಕನ್‌ಫುಟ್ ಇರುವ 10,800 ಅಡಿಯಲ್ಲಿ ಮಲಗಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎತ್ತರಕ್ಕೆ ಮೈ ಒಗ್ಗಲು ಒಂದು ರಾತ್ರಿ ನಡುವೆ ಎಲ್ಲಾದರೂ ಉಳಿಯಿರಿ. ರಾಕ್ ಕ್ರೀಕ್ ರಸ್ತೆಯಲ್ಲೇ ಕ್ಯಾಂಪ್‌ಗ್ರೌಂಡ್‌ಗಳಿವೆ. ತಲೆನೋವು, ವಾಕರಿಕೆ ಶುರುವಾಗಿ, ನೀರು ಕುಡಿದು ಸುಧಾರಿಸಿಕೊಂಡರೂ ಹೋಗದಿದ್ದರೆ ಕೆಳಗೆ ಇಳಿಯುವುದೊಂದೇ ಮದ್ದು. ಕಾರು ಮೂರೇ ಮೈಲಿ ದೂರದಲ್ಲಿರುತ್ತದೆ. ಹೊಸಬರಿಗೆ ಈ ಕಣಿವೆಯನ್ನು ನಾನು ಹೇಳುವುದಕ್ಕೆ ದೊಡ್ಡ ಕಾರಣ ಅದೇ.

ಈಗ ಜಾಗದ ವಿಷಯ. ಕೆರೆ ಕಂಡ ತಕ್ಷಣ ದಡದಲ್ಲೇ ಚೀಲ ಇಳಿಸಬೇಕು ಅನ್ನಿಸುತ್ತದೆ, ಅಲ್ವಾ? ಚೀಲ ಇಳಿಸಿ, ನೀರು ಕುಡಿಯಿರಿ, ಆಮೇಲೆ ಖಾಲಿ ಕೈಯಲ್ಲಿ ಅರ್ಧ ಗಂಟೆ ಸುತ್ತಾಡಿ ಬನ್ನಿ. ನೀರಿನಿಂದ 100 ಅಡಿ ದೂರ ಇರಬೇಕು ಅನ್ನುವುದು ನಿಯಮ. ದೊಡ್ಡವರ ಹೆಜ್ಜೆಯಲ್ಲಿ ಸುಮಾರು 40 ಹೆಜ್ಜೆ. ನಿಯಮ ಇಲ್ಲದಿದ್ದರೂ ನಾನು ದಡದಲ್ಲಿ ಮಲಗುತ್ತಿರಲಿಲ್ಲ. ರಾತ್ರಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ಕೂರುತ್ತದೆ. ಕೆರೆಯ ಸುತ್ತಲಿನ ಹುಲ್ಲುಗಾವಲೇ ಆ ತಗ್ಗು. ಅಲ್ಲಿ ತೇವವೂ ಜಾಸ್ತಿ, ಚಳಿಯೂ ಜಾಸ್ತಿ, ಸೊಳ್ಳೆಯೂ ಜಾಸ್ತಿ.

ಚಿಕನ್‌ಫುಟ್ ಹತ್ತಿರ ನಾವು ಆರಿಸಿದ್ದು ಕೆರೆಗಿಂತ ಒಂದು ಮನೆಯಷ್ಟು ಎತ್ತರದಲ್ಲಿದ್ದ ಬಂಡೆಯ ಹಾಸು. ಅದರ ಮಡಿಲಲ್ಲಿ ಟೆಂಟ್ ಹಿಡಿಸುವಷ್ಟು ದಪ್ಪ ಮರಳಿನ ನೆಲ, ಮುಂಚೆ ಯಾರೋ ಮಲಗಿ ಗಟ್ಟಿಯಾಗಿದ್ದದ್ದು. ಪಶ್ಚಿಮಕ್ಕೆ ಗಿಡ್ಡ ಪೈನ್ ಮರಗಳ ಗುಂಪು ಗಾಳಿಗೆ ಅಡ್ಡ ಇತ್ತು. ಒಣಗಿ ನಿಂತ ಮರ ಯಾವುದೂ ಇಲ್ಲ ಅಂತ ತಲೆಯೆತ್ತಿ ಒಂದೊಂದನ್ನೇ ನೋಡಿದೆವು. ಗಾಳಿಗೆ ಒಣಮರ ಟೆಂಟ್ ಮೇಲೆ ಬಿದ್ದರೆ ಮುಗಿಯಿತು. ಬೆಳಗ್ಗೆ ಎದ್ದು ನೋಡಿದರೆ ಕೆಳಗಿನ ಹುಲ್ಲೆಲ್ಲ ಬೆಳ್ಳಗೆ ಹಿಮಗಟ್ಟಿತ್ತು. ನಮ್ಮ ಟೆಂಟಿನ ಹೊರ ಬಟ್ಟೆ ಒಣಗಿಯೇ ಇತ್ತು, ಮಡಚಿ ಚೀಲಕ್ಕೆ ತುಂಬಿದೆವು. ನಡುವೆ ಇದ್ದ ಎತ್ತರದ ವ್ಯತ್ಯಾಸ ಇಷ್ಟೇ ಇಷ್ಟು.

ಇನ್ನೊಂದು ಮಾತು. ಹಸಿರು ಕಂಡ ಕಡೆ ಟೆಂಟ್ ಹಾಕಬೇಡಿ. ಅಲ್ಲಿ ಹಿಮವಿಲ್ಲದ ಕಾಲ ಕೆಲವೇ ತಿಂಗಳು. ಒಮ್ಮೆ ಸವೆದ ಹುಲ್ಲು ಮತ್ತೆ ಚಿಗುರಲು ವರ್ಷಗಟ್ಟಲೆ ಬೇಕು. ಬಂಡೆ, ಮರಳು, ಈಗಾಗಲೇ ಬಳಸಿದ ಬರಿ ನೆಲ, ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಟೆಂಟ್ ಸುತ್ತ ಕಾಲುವೆ ತೋಡುವುದು, ಕಲ್ಲು ಎಬ್ಬಿಸಿ ಗೋಡೆ ಕಟ್ಟುವುದು ಬೇಡವೇ ಬೇಡ. ಸೌದೆ ಬೆಂಕಿಯ ಆಸೆಯನ್ನೂ ಬಿಟ್ಟುಬಿಡಿ. ಗ್ಯಾಸ್ ಸ್ಟೋವ್ ಹಚ್ಚುವುದಕ್ಕೂ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಅಡುಗೆಗೆ ಬಂದರೆ, ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬೇಳೆ ಬೇಯುವುದಿಲ್ಲ, ಅನ್ನ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ, ಗ್ಯಾಸ್ ಸುಮ್ನೆ ಖಾಲಿ. ನಮ್ಮ ಗೊಜ್ಜವಲಕ್ಕಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿ ಮಾಡಿ. ಪುಳಿಯೋಗರೆ ಪುಡಿ, ಪುಡಿ ಬೆಲ್ಲ, ಉಪ್ಪು, ಒಣ ಕೊಬ್ಬರಿ ತುರಿ, ಹುರಿದ ಕಡಲೆಬೀಜ ಬೆರೆಸಿ ಒಬ್ಬೊಬ್ಬರಿಗೆ ಒಂದೊಂದು ಜಿಪ್ ಚೀಲ ಕಟ್ಟಿ. ಅಲ್ಲಿ ಬಿಸಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಊಟ ರೆಡಿ. ಒಗ್ಗರಣೆ ಹಾಕಿ ಹುರಿದ ಉಪ್ಪಿಟ್ಟಿನ ರವೆಯೂ ಚೆನ್ನಾಗಿ ಬೇಯುತ್ತದೆ. ರಾತ್ರಿಗೆ ಬಿಸಿ ಸಾರು ಇದ್ದರೆ ಚಳಿ ಅರ್ಧ ಹೋಗುತ್ತದೆ.

ಆದರೆ ಇಂಗು, ಸಾಸಿವೆ, ಕರಿಬೇವಿನ ಘಮ ಕರಡಿಗೂ ತಿಳಿಯುತ್ತದೆ. ಅಲ್ಲಿ ಮರಗಳು ಗಿಡ್ಡ, ಚೀಲ ತೂಗುಹಾಕಿ ಕಾಪಾಡಲು ಆಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಬೇರ್ ಕ್ಯಾನಿಸ್ಟರ್ ಒಯ್ಯಿರಿ, ಬಾಡಿಗೆಗೂ ಸಿಗುತ್ತದೆ. ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಕಸ, ಎಲ್ಲ ಅದರೊಳಗೇ ಹೋಗಬೇಕು. ಮನೆಯಲ್ಲೇ ಒಮ್ಮೆ ತುಂಬಿ, ಮುಚ್ಚಳ ಹಾಕಿ ನೋಡಿ. ರಾತ್ರಿ ಟೆಂಟಿನಿಂದ ದೂರ, ಉರುಳಿ ನೀರಿಗೆ ಬೀಳದ ಕಡೆ ಇಡಿ. ಕಾರಿನಲ್ಲೂ ತಿಂಡಿ ಬಿಡಬೇಡಿ.

ಬೆಳಗಿನ ಕೆಲಸಕ್ಕೆ ನೀರಿನಿಂದ 200 ಅಡಿ ದೂರ ಹೋಗಿ, 6ರಿಂದ 8 ಅಂಗುಲ ಆಳ ತೋಡಿ, ಆಮೇಲೆ ಮುಚ್ಚಬೇಕು. ಅದಕ್ಕೊಂದು ಪುಟ್ಟ ಸಲಿಕೆ ಸಿಗುತ್ತದೆ. ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಅನುಕೂಲ. ಕಾಗದ ಬಳಸಿದರೆ ಅದನ್ನು ಹೂಳದೆ ವಾಪಸ್ ಹೊತ್ತು ತರಬೇಕಾಗುತ್ತದೆ. ಬೇರೆ ಬಣ್ಣದ ಒಂದು ಬಾಟಲಿ ಇದಕ್ಕೇ ಮೀಸಲಿಡಿ. ಕೆರೆಯಲ್ಲಿ ಸೋಪು ಬೇಡ, ಡಬ್ಬಿಯ ಮೇಲೆ ಏನೇ ಬರೆದಿರಲಿ. ನೀರು ಕನ್ನಡಿಯ ಹಾಗಿದ್ದರೂ ಫಿಲ್ಟರ್ ಮಾಡದೆ ಕುಡಿಯಬೇಡಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಅನ್ನುವ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ.

ಜುಲೈನಲ್ಲಿ ಹೂವು ಜಾಸ್ತಿ, ಸೊಳ್ಳೆ ಅದಕ್ಕಿಂತ ಜಾಸ್ತಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ನನ್ನ ಲೆಕ್ಕದಲ್ಲಿ ಉತ್ತಮ. ಆಗ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದು, ಸ್ಲೀಪಿಂಗ್ ಬ್ಯಾಗ್ ಅದಕ್ಕೆ ತಕ್ಕದ್ದಿರಲಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು. ಮಾರ್ಗನ್ ಪಾಸ್‌ಗೆ ಹೋಗುವುದಿದ್ದರೆ ಬೆಳಗ್ಗೆಯೇ ಹೋಗಿ ಬನ್ನಿ. ಕಾಳ್ಗಿಚ್ಚಿನ ಹೊಗೆ ಎಷ್ಟಿದೆ ಅಂತ ಹೊರಡುವ ಹಿಂದಿನ ದಿನ ಗಾಳಿಯ ಗುಣಮಟ್ಟ ತೋರಿಸುವ ಏರ್‌ನೌ ವೆಬ್‌ಸೈಟಿನಲ್ಲಿ ನೋಡಿ. ಹೊಗೆ ದಟ್ಟವಾಗಿದ್ದರೆ ಪರ್ಮಿಟ್ ದುಡ್ಡು ಹೋದರೆ ಹೋಗಲಿ, ಹೋಗಬೇಡಿ.

ಬೇ ಏರಿಯಾದಿಂದ ಟಯೋಗ ಪಾಸ್ ಮೇಲೆ ಹೋಗುವುದು ಹತ್ತಿರದ ದಾರಿ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ, ಯೊಸೆಮಿಟಿಯ ಪ್ರವೇಶ ಶುಲ್ಕವನ್ನೂ ಕೊಡಬೇಕು. ರಾಕ್ ಕ್ರೀಕ್ ರಸ್ತೆ ಕೊನೆಯಲ್ಲಿ ಒಂದೇ ಗಾಡಿ ಹಿಡಿಸುವಷ್ಟು ಕಿರಿದಾಗುತ್ತದೆ, ಮಸ್ಕಿಟೋ ಫ್ಲಾಟ್‌ನ ಪಾರ್ಕಿಂಗ್ ಬೆಳಗ್ಗೆ ಬೇಗ ತುಂಬುತ್ತದೆ. ಏಳು ಗಂಟೆಯೊಳಗೆ ಅಲ್ಲಿರುವಂತೆ ನೋಡಿಕೊಳ್ಳಿ. ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ವಾಪಸ್ ಬರುವ ದಿನ ಯಾವುದು ಅಂತ ಮನೆಯವರಿಗೆ ಬರೆದು ಕೊಟ್ಟು ಹೊರಡಿ.